ಅನಾಥ ಮಾರ್ಜಾಲಗಳ ಸೇವೆಯೂ ದಯಾಧರ್ಮವೂ



ಜಾತ್ರೆ ಮುಗಿದ ಮರುದಿನ ಮುಂಜಾವಿನಲ್ಲಿ ಮಠದ ಬಾಗಿಲನ್ನು ತೆರೆಯುವವರಿಗೆ ಕೆಲವು ವೇಳೆ ಕಟ್ಟೆಯ ಮೇಲೆ ಒಂದು ಗೋಣಿಚೀಲವು ಕಾಣುವುದುಂಟು. ಅದರ ಬಾಯಿ ಬಿಚ್ಚಿದರೆ ಒಳಗೆ ಇನ್ನೂ ಕಣ್ಣು ತೆರೆಯದ ಮೂರು ನಾಲ್ಕು ಬೆಕ್ಕಿನ ಮರಿಗಳು. ತಂದಿಟ್ಟವರು ಕ್ರೂರಿಗಳೆಂದು ಹೇಳಲಾಗದು. ಕೊಲ್ಲಲು ಮನಸ್ಸು ಬಾರದೆ, ಸಾಕಲು ಅನುಕೂಲವಿಲ್ಲದೆ, ದಾಸೋಹದ ಮನೆಯಲ್ಲಿ ಹೇಗಾದರೂ ಬದುಕಿಕೊಳ್ಳಲೆಂದು ಕೈಮುಗಿದು ಹೋದವರು ಅವರು. ಆದರೆ ತಾಯಿಯಿಂದ ಅಗಲಿದ ಆ ಮರಿಗಳಲ್ಲಿ ಎಷ್ಟು ಬದುಕುವುವು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದು ಲೋಕವು ನಗುವುದು. ಕಣ್ಣು ಮುಚ್ಚಿ ಮರಿಗಳನ್ನು ಬಿಟ್ಟುಹೋಗುವ ಮನುಷ್ಯನ ರೀತಿಯೂ ಅದೇ ಅಲ್ಲವೇ? ತನ್ನ ಕಣ್ಣಿಗೆ ಮರೆಯಾದ ಮಾತ್ರಕ್ಕೆ ಜೀವದ ಸಂಕಟವು ತೀರಿತೆಂದು ಭಾವಿಸುವುದು ದಯೆಯಲ್ಲ.

ಬೆಕ್ಕು ಮನುಷ್ಯನ ಬಳಿಗೆ ಬಂದುದು ಇಂದು ನಿನ್ನೆಯ ಮಾತಲ್ಲ. ಪಶ್ಚಿಮ ಏಷ್ಯದಲ್ಲಿ ಮನುಷ್ಯನು ಬೇಸಾಯವನ್ನು ಕಲಿತು ಧಾನ್ಯವನ್ನು ಕೂಡಿಡತೊಡಗಿದಾಗ ಧಾನ್ಯಕ್ಕೆ ಇಲಿಗಳು ಬಂದುವು. ಇಲಿಗಳ ಬೆನ್ನು ಹತ್ತಿ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಸಮಾಧಿಯೊಂದರ ಹತ್ತಿರದಲ್ಲಿಯೇ ಬೆಕ್ಕಿನ ಅಸ್ಥಿಯು ದೊರೆತ ಸಂಗತಿಯನ್ನು ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಹಗೇವಿನ ಜೋಳವನ್ನೂ ಕಣಜದ ಭತ್ತವನ್ನೂ ಕಾಯ್ದ ಈ ಪ್ರಾಣಿಗೆ ಒಕ್ಕಲಿಗನು ಕೂಲಿಯನ್ನು ಕೊಟ್ಟವನಲ್ಲ. ಆದುದರಿಂದ ಅದನ್ನು ಪಾಲಿಸುವುದು ಉಪಕಾರವೆನ್ನುವುದಕ್ಕಿಂತ ಋಣಪರಿಹಾರವೆನ್ನುವುದೇ ಯುಕ್ತವು.

ಹಾಗಾದರೆ ದಾರಿಯಲ್ಲಿ ಕಂಡ ಬೆಕ್ಕಿಗೆ ಅನ್ನ ಹಾಲು ಹಾಕಿದರೆ ಋಣವು ತೀರುವುದೇ? ಇಲ್ಲ. ಹೆಣ್ಣು ಬೆಕ್ಕು ಹುಟ್ಟಿದ ಆರು ತಿಂಗಳಿಗೆ, ಒಮ್ಮೊಮ್ಮೆ ಅದಕ್ಕೂ ಮೊದಲೇ, ಗರ್ಭವನ್ನು ಧರಿಸಬಲ್ಲುದು. ಗರ್ಭದ ಅವಧಿಯು ಸುಮಾರು ಒಂಬತ್ತು ವಾರಗಳು ಮಾತ್ರ. ಅಮೆರಿಕದ ಉತ್ತರ ಕೆರೊಲಿನಾ ಪ್ರಾಂತದಲ್ಲಿ ಮನೆಯಿಲ್ಲದ ಬೆಕ್ಕುಗಳನ್ನು ಕುರಿತು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹುಟ್ಟಿದ 169 ಮರಿಗಳ ಪೈಕಿ 127 ಮರಿಗಳು ಆರು ತಿಂಗಳೊಳಗಾಗಿ ಸತ್ತುವು ಇಲ್ಲವೆ ಕಾಣದಾದುವು. ಎಂದರೆ ನಾಲ್ಕರಲ್ಲಿ ಮೂರು. ಬರಿದೆ ಉಣಿಸಿ ಸುಮ್ಮನಾಗುವವನು ತಿಳಿಯದೆಯೇ ಈ ಸಾವಿನ ಲೆಕ್ಕವನ್ನು ಬೆಳೆಸುತ್ತಾನೆ.

ಇದನ್ನರಿತ ಸ್ವಯಂಸೇವಕರು ಹಳ್ಳಿಗಳಲ್ಲಿ ಸೇವೆಯ ಕ್ರಮವನ್ನೇ ಬದಲಿಸಿರುವರು. ಅವರು ಮೊದಲು ದಿನವೂ ಒಂದೇ ಹೊತ್ತಿಗೆ ಒಂದೇ ತಾಣದಲ್ಲಿ ಉಣಿಸನ್ನಿಟ್ಟು, ಆ ಓಣಿಯ ಬೆಕ್ಕುಗಳನ್ನು ಎಣಿಸುವರು. ಬಳಿಕ ಗೊತ್ತುಮಾಡಿದ ದಿನದಲ್ಲಿ ಬೋನನ್ನಿಟ್ಟು ಹಿಡಿದು, ಬೆದರದಂತೆ ಬೋನಿಗೆ ಬಟ್ಟೆ ಹೊದಿಸಿ, ಪಶುವೈದ್ಯರಲ್ಲಿಗೆ ಒಯ್ಯುವರು. ಅಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯೂ ರೇಬೀಸ್ ರೋಗದ ಲಸಿಕೆಯೂ ಆಗುವುವು. ಮತ್ತೊಮ್ಮೆ ಹಿಡಿಯುವ ತೊಂದರೆ ತಪ್ಪಲೆಂದು, ಬೆಕ್ಕಿಗೆ ಅರಿವಿಲ್ಲದಿರುವಾಗಲೇ ಒಂದು ಕಿವಿಯ ತುದಿಯನ್ನು ತುಸು ಕತ್ತರಿಸಿ ಗುರುತು ಮಾಡುವರು. ಚೇತರಿಸಿಕೊಂಡ ಮೇಲೆ ಅದನ್ನು ಹಿಡಿದ ಸ್ಥಳದಲ್ಲಿಯೇ ಬಿಡುವರು. ಏಕೆಂದರೆ ಅರಿಯದ ಊರಿನಲ್ಲಿ ಬಿಟ್ಟ ಬೆಕ್ಕು ನೆಲೆಯನ್ನು ಹುಡುಕುತ್ತಲೇ ನಾಶವಾಗುವ ಸಂಭವವುಂಟು.

ಕಣ್ಣು ತೆರೆಯದ ಮರಿಗಳ ಆರೈಕೆಯು ಇದಕ್ಕಿಂತಲೂ ಕಷ್ಟತರವಾದುದು. ಅವುಗಳಿಗೆ ಮೊದಲು ಬೇಕಾದುದು ಬೆಚ್ಚನೆಯ ತಾವು. ಮೈ ತಣ್ಣಗಾದ ಮರಿಗೆ ಹಾಲೂಡಿದರೆ ಅರಗದು. ಹಸುವಿನ ಹಾಲು ಒಗ್ಗದೆ ಭೇದಿಯಾಗುವುದರಿಂದ ಅವುಗಳಿಗೆಂದೇ ಸಿದ್ಧಪಡಿಸಿದ ಹಾಲನ್ನು ಎರಡು ಮೂರು ತಾಸಿಗೊಮ್ಮೆ, ರಾತ್ರಿಯಲ್ಲಿಯೂ ಎದ್ದು ಕುಡಿಸಬೇಕು. ಇಷ್ಟಾದರೂ ಕೆಲವು ಉಳಿಯವು. ಸತ್ತ ಮರಿಯನ್ನು ಮಣ್ಣಿಗಿಟ್ಟು ಕೈತೊಳೆದು, ಉಳಿದುದಕ್ಕೆ ಹಾಲನ್ನು ಕಾಯಿಸಲು ಕುಳಿತುಕೊಳ್ಳುವ ತಾಯಂದಿರ ಸ್ಥೈರ್ಯವನ್ನು ಯಾವ ಮಾತಿನಿಂದ ಹೊಗಳಬೇಕು?

ಈ ವಿಷಯದಲ್ಲಿ ಭಕ್ತರ ಮನದಲ್ಲಿ ಮೂರು ಸಂಶಯಗಳು ಹುಟ್ಟುವುದು ಸಹಜ. ಸಂತಾನವನ್ನು ತಡೆಯುವುದು ಸೃಷ್ಟಿಗೆ ವಿರೋಧವಲ್ಲವೇ ಎಂಬುದು ಮೊದಲನೆಯದು. ಬೆಕ್ಕು ತನ್ನ ಇಚ್ಛೆಯಿಂದ ಊರನ್ನು ಕಟ್ಟಲಿಲ್ಲ. ಊರನ್ನು ಕಟ್ಟಿ, ಅದನ್ನು ಬಾಗಿಲಿಗೆ ಕರೆದು, ಮರಿಗಳನ್ನು ಬೀದಿಗೆ ಎಸೆದವನು ಮನುಷ್ಯನು. ಹಸಿದು ಸಾಯಲೆಂದೇ ಹುಟ್ಟುವ ಜೀವಗಳನ್ನು ಹುಟ್ಟದಂತೆ ನೋಡಿಕೊಳ್ಳುವುದು ಹುಟ್ಟಿಸಿ ಬಿಸುಡುವುದಕ್ಕಿಂತ ಸಾವಿರಪಾಲು ಲೇಸು.

ಎರಡನೆಯದು ಆಹಾರದ ಮಾತು. ಶುದ್ಧ ಶಾಕಾಹಾರಿಗಳಾದ ಭಕ್ತರು ಮಾಂಸವನ್ನು ಮುಟ್ಟುವುದೆಂತು? ಬೆಕ್ಕಾದರೋ ಸ್ವಭಾವದಿಂದಲೇ ಮಾಂಸಾಹಾರಿ. ಮಾಂಸದಲ್ಲಿರುವ ಟಾರೀನ್ ಎಂಬ ಸತ್ತ್ವವು ದೊರೆಯದಿದ್ದರೆ ಅದರ ಕಣ್ಣೂ ಹೃದಯವೂ ಕೆಡುವುವು. ಅನ್ನ ಹಾಲುಗಳಿಂದಲೇ ಅದನ್ನು ಬಾಳಿಸಲಾಗದು. ತನ್ನ ನಿಯಮವನ್ನು ತಾನು ಪಾಲಿಸುವುದು ಭಕ್ತನ ಧರ್ಮ. ಅದನ್ನು ಬೆಕ್ಕಿನ ಮೇಲೆ ಹೇರುವುದು ಹಿಂಸೆ. ಉಣಿಸಲು ಸಂಕೋಚಪಡುವವರು ಬೋನನ್ನು ಹೊರಲಿ, ವೈದ್ಯರ ವೆಚ್ಚವನ್ನು ವಹಿಸಲಿ; ಉಣಿಸುವ ಭಾಗವನ್ನು ನೆರೆಹೊರೆಯವರಿಗೆ ಬಿಡಲಿ. ಸೇವೆಯು ಹಂಚಿಕೊಂಡು ಮಾಡತಕ್ಕದ್ದು.

ಬಡವರು ಹಸಿದಿರುವಾಗ ಬೆಕ್ಕಿನ ಚಿಂತೆಯೇಕೆ ಎಂಬುದು ಮೂರನೆಯದು. ರೇಬೀಸ್ ಲಸಿಕೆಯಾದ ಬೆಕ್ಕಿನಿಂದ ಬಡವರ ಮಕ್ಕಳಿಗೂ ರಕ್ಷಣೆಯುಂಟು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಾಕಿ 15 ನಿಮಿಷಗಳ ವರೆಗೆ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಸ್ವಯಂಸೇವಕರು ಮನೆಮನೆಗೂ ತಿಳಿಸತಕ್ಕದ್ದು. ಮೇಲಾಗಿ, ಕರುಣೆಯು ಹಂಚಿದರೆ ಸವೆಯುವ ದ್ರವ್ಯವಲ್ಲ.

ರಾಜಶಾಸನವೂ ಇದಕ್ಕೆ ಅನುಕೂಲವಾಗಿಯೇ ಇದೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಅಕಾರಣವಾಗಿ ತೊರೆದುಹೋಗುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧವು. ಜೀವಿಗಳಲ್ಲಿ ಕರುಣೆಯನ್ನು ತೋರುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರಲ್ಲಿ ಸಂವಿಧಾನದಲ್ಲಿಯೇ ಸೇರಿಸಲ್ಪಟ್ಟಿತು. ಆದರೆ ಬಸವಾದಿ ಶರಣರ ಸಂತತಿಗೆ ಶಾಸನದ ಭಯವು ಬೇಕಾಗಬಾರದು. ಶಕುನಗಳನ್ನು ತಿರಸ್ಕರಿಸಿದ ಶರಣರ ಮಕ್ಕಳು ಅಡ್ಡ ಹಾಯ್ದ ಬೆಕ್ಕನ್ನು ಕಂಡು ಶಪಿಸುವುದೂ ಸಲ್ಲದು.

ಆದಕಾರಣ ಈ ಮಹೋತ್ಸವದ ನೆನಪಿಗೆ ಊರೂರಿನಲ್ಲಿಯೂ ಇಬ್ಬರು ಮೂವರು ಈ ಕಾಯಕಕ್ಕೆ ಮುಂದಾಗಲಿ. ಒಂದು ಬೋನು, ಒಂದು ಲೆಕ್ಕದ ಪುಸ್ತಕ, ಪಶುವೈದ್ಯರ ಪರಿಚಯ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಮನೆಯಲ್ಲಿ ಬೆಕ್ಕನ್ನು ಸಾಕಿದವರು ಅದು ಮರಿ ಹಾಕುವುದಕ್ಕೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಲಿ. ಮುಂದಿನ ಜಾತ್ರೆಯ ಮರುದಿನ ಮಠದ ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಗೋಣಿಚೀಲವು ಇಲ್ಲದಿದ್ದರೆ, ಅದೇ ಭಕ್ತರು ಗುರುವಿಗೆ ಒಪ್ಪಿಸಿದ ಶ್ರೇಷ್ಠ ಕಾಣಿಕೆಯು. ಅಂಥ ಸದ್ಬುದ್ಧಿಯನ್ನು ಪರಶಿವನು ಸರ್ವರಿಗೂ ಕರುಣಿಸಲಿ. ಮಂಗಳಮಸ್ತು.