ತಿಮಿಂಗಿಲ ನೋಡಲು ಯಾವ ಬಂದರು?

(ಮಹಿಳಾ ವೇದಿಕೆಯ ನಾಚಾರಂ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಅಲಾಸ್ಕಾ ಪ್ರವಾಸದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಇಡೀ ಪ್ರವಾಸದ ಕಥೆ ಹೇಳಲು ಹೊರಟರೆ ಅಲ್ಲಿಟ್ಟಿರುವ ಚಹಾ ಆರಿಹೋಗುತ್ತದೆ. ಹಾಗಾಗಿ ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ನಮ್ಮಲ್ಲಿ ಹಲವರ ಮಕ್ಕಳು, ಅಕ್ಕತಂಗಿಯರು ಅಮೆರಿಕದಲ್ಲಿದ್ದಾರೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಒಂದು ವಾರ ಅಲಾಸ್ಕಾ ಹಡಗಿನಲ್ಲಿ ಕರೆದುಕೊಂಡು ಹೋಗುವುದು ಈಗ ರೂಢಿಯಾಗಿದೆ. ಹಡಗು ಮೂರು ನಾಲ್ಕು ಬಂದರುಗಳಲ್ಲಿ ನಿಲ್ಲುತ್ತದೆ. ತಿಮಿಂಗಿಲ ತೋರಿಸುವ ಸಣ್ಣ ದೋಣಿಗೆ ಬೇರೆ ಹಣ ಕಟ್ಟಬೇಕು, ಅದೂ ದುಬಾರಿ. ಆದ್ದರಿಂದ ಸಾಮಾನ್ಯವಾಗಿ ಒಂದು ಸಲ ಮಾತ್ರ ಹೋಗುತ್ತೇವೆ. ಹಾಗಾದರೆ ಯಾವ ಬಂದರಿನಲ್ಲಿ ಹೋಗಬೇಕು? ಈ ಪ್ರಶ್ನೆ ಕೇಳಿ ನಮ್ಮ ಬಳಗದಲ್ಲೇ ನಾಲ್ಕೈದು ಮಂದಿ ನನಗೆ ಫೋನ್ ಮಾಡಿದ್ದಾರೆ.

ನಾನು ಹೋದದ್ದು ನಮ್ಮವ್ವನಿಗಾಗಿ. ಅವ್ವ ಕಲಬುರಗಿ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿದವಳು. "ತಿಮಿಂಗಿಲ ಮೀನಲ್ಲ, ಅದು ಮರಿ ಹಾಕಿ ಹಾಲುಣಿಸುವ ಪ್ರಾಣಿ, ಉಸಿರಾಡಲು ನೀರಿನ ಮೇಲೆ ಬರಬೇಕು" ಎಂದು ಗೋಡೆಯ ಚಾರ್ಟ್ ತೋರಿಸಿ ಪ್ರತಿ ವರ್ಷವೂ ಹೇಳಿದ್ದಾಳೆ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ನೀವು ನೋಡೀರೇನ್ರಿ?" ಎಂದು ಕೇಳಿದನಂತೆ. ಅವ್ವ ಆಗ ಸಮುದ್ರವನ್ನೇ ನೋಡಿರಲಿಲ್ಲ. ನಾವು ಬಯಲುಸೀಮೆಯವರು. ಹೈದರಾಬಾದಿಗೆ ಬಂದ ಮೇಲೂ ನಮಗೆ ಸಿಕ್ಕ ಸಾಗರ ಹುಸೇನ್ ಸಾಗರ ಒಂದೇ. ಆ ಹುಡುಗನ ಪ್ರಶ್ನೆ ಅವ್ವನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ನಿವೃತ್ತಿಯ ನಂತರ ಪಿಂಚಣಿಯಲ್ಲಿ ಉಳಿಸಿದ ದುಡ್ಡು ನನ್ನ ಕೈಗೆ ಕೊಟ್ಟು, "ಸಿಯಾಟಲ್‌ಗೆ ಅಕ್ಕನ ಮನಿಗಿ ಹೋದಾಗ ಅದೊಂದು ತೋರ್ಸು" ಎಂದಳು. ಆಗ ಅವಳಿಗೆ 66 ವರ್ಷ, ಒಂದು ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಇನ್ನೊಂದು ಸಲ ಅಷ್ಟು ದೂರ ಹೋಗುವುದು ಸಾಧ್ಯವಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಹಡಗು ಜುಲೈನಲ್ಲಿ ಸಿಯಾಟಲ್‌ನಿಂದ ಹೊರಟು ಜೂನೋ, ಐಸಿ ಸ್ಟ್ರೇಟ್ ಪಾಯಿಂಟ್, ಕೆಚಿಕಾನ್, ಕೊನೆಗೆ ಕೆನಡಾದ ವಿಕ್ಟೋರಿಯಾ ಮುಟ್ಟಿ ವಾಪಸಾಗುವುದಿತ್ತು. ನಾನು ಎಂ.ಟೆಕ್ ಓದಿದವಳು, ಸುಮ್ಮನಿರುತ್ತೇನೆಯೇ? ಎಕ್ಸೆಲ್ ಶೀಟ್ ಮಾಡಿದೆ. ಬೆಲೆ, ಸ್ಟಾರ್ ರೇಟಿಂಗ್, ಫೋಟೋ, ಜನರ ಅಭಿಪ್ರಾಯ, ಎಲ್ಲಕ್ಕೂ ಒಂದೊಂದು ಕಾಲಮ್. ಜೂನೋ ಗೆದ್ದಿತು. ಹಣ ಕಟ್ಟಿ ಅಕ್ಕನಿಗೆ ಶೀಟ್ ಕಳಿಸಿದೆ. ಅಕ್ಕ ಫೋನ್ ಮಾಡಿ ಒಂದೇ ಮಾತು ಕೇಳಿದಳು: "ಎಲ್ಲಾ ಛಲೋ ಅದ. ಇದರಾಗ ಅವ್ವನ ಕಾಲಮ್ ಎಲ್ಲದ?"

ಆ ರಾತ್ರಿ ಮತ್ತೆ ಮೊದಲಿನಿಂದ ಕೂತೆ. ಮೊದಲು ಕಟ್ಟಿದ ಹಣದಲ್ಲಿ ಸ್ವಲ್ಪ ಹೋಯಿತು, ಹೋಗಲಿ. ಈ ಸಲ ಅವ್ವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಹಾಕಿಕೊಂಡೆ. ನಿಮಗೂ ಅವೇ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು, ತಿಮಿಂಗಿಲದ ಊಟ ಎಲ್ಲಿದೆ? ಅಲಾಸ್ಕಾದ ಆ ಭಾಗದಲ್ಲಿ ಹೆಚ್ಚಾಗಿ ಕಾಣುವುದು ಹಂಪ್‌ಬ್ಯಾಕ್ ಜಾತಿ. 13-15 ಮೀಟರ್ ಉದ್ದ, ಸುಮಾರು 30 ಟನ್ ತೂಕ. ಇವುಗಳಲ್ಲಿ ಬಹುಪಾಲು ಚಳಿಗಾಲದಲ್ಲಿ ಹವಾಯಿಯ ಬೆಚ್ಚಗಿನ ನೀರಿನಲ್ಲಿ ಮರಿ ಹಾಕುತ್ತವೆ. ಅಲ್ಲಿ ಹೆಚ್ಚುಕಡಿಮೆ ಉಪವಾಸ. ಬೇಸಿಗೆಗೆ ಸುಮಾರು 4,500 ಕಿಲೋಮೀಟರ್ ಈಜಿ ಅಲಾಸ್ಕಾಕ್ಕೆ ಬರುವುದೇ ಹೆರಿಂಗ್ ಮೀನು, ಕ್ರಿಲ್ ತಿನ್ನಲು. ಎಲ್ಲಿ ಉಬ್ಬರವಿಳಿತದ ಸೆಳೆತಗಳು ಸೇರಿ ಆಹಾರವನ್ನು ಮೇಲೆ ತಳ್ಳುತ್ತವೋ ಅಲ್ಲಿ ಇವು ಸೇರುತ್ತವೆ. ಐಸಿ ಸ್ಟ್ರೇಟ್ ಜಲಸಂಧಿಯ ಪಾಯಿಂಟ್ ಅಡಾಲ್ಫಸ್ ಅಂಥ ಜಾಗ, ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ಬಾಯಿಗೆ ಎದುರಾಗಿದೆ. ಜೂನೋ ಹತ್ತಿರದ ನೀರಿನಲ್ಲೂ ಬೇಸಿಗೆಯಿಡೀ ತಿಮಿಂಗಿಲಗಳಿರುತ್ತವೆ. ಆದ್ದರಿಂದ ಈ ಪ್ರಶ್ನೆಯಲ್ಲಿ ಎರಡೂ ಪಾಸು. ನಾರ್ವೆ ಕಡೆ ಹೋಗುವವರಿಗೂ ಇದೇ ಲೆಕ್ಕ. ಆಂಡೆನೆಸ್ ಎಂಬ ಊರಿನ ಹತ್ತಿರವೇ ಸಮುದ್ರದಡಿ ಆಳವಾದ ಕಣಿವೆ ಇರುವುದರಿಂದ ಅಲ್ಲಿ ಸ್ಪರ್ಮ್ ತಿಮಿಂಗಿಲ ಸಿಗುತ್ತದೆ.

ಎರಡನೆಯದು, ಹಡಗು ಇಳಿದ ಮೇಲೆ ದೋಣಿಯವರೆಗೆ ಎಷ್ಟು ದೂರ? ಜೂನೋದಲ್ಲಿ ದೊಡ್ಡ ಹಡಗು ಊರಿನ ನಡುವೆ ನಿಲ್ಲುತ್ತದೆ. ತಿಮಿಂಗಿಲದ ದೋಣಿಗಳು ಹೊರಡುವುದು ಸುಮಾರು 20 ಕಿಲೋಮೀಟರ್ ಆಚೆ, ಆಕ್ ಬೇ ಎಂಬಲ್ಲಿಂದ. ನಾಚಾರಂನಿಂದ ಹೈಟೆಕ್ ಸಿಟಿಗೆ ಹೋದ ಹಾಗೆ. ಟ್ರಾಫಿಕ್ ಮಾತ್ರ ನಮ್ಮದಲ್ಲ, ಅರ್ಧ ಗಂಟೆಯಲ್ಲಿ ಬಸ್ಸು ಮುಟ್ಟುತ್ತದೆ. ಆದರೆ ನಮ್ಮವ್ವನಿಗೆ ಬಸ್ಸು ಹತ್ತಿದರೆ ವಾಂತಿ. ಕಲಬುರಗಿಯಿಂದ ನಮ್ಮ ಮನೆಗೆ ಬರುವುದಾದರೂ ರೈಲೇ ಆಗಬೇಕು. ಬಸ್ಸು ಹತ್ತಿ ಇಳಿದು, ದೋಣಿ ಹತ್ತಿ ಇಳಿದು, ಮತ್ತೆ ಬಸ್ಸು ಎಂದರೆ ಮೊಣಕಾಲಿಗೂ ಕಷ್ಟ. ಐಸಿ ಸ್ಟ್ರೇಟ್ ಪಾಯಿಂಟ್‌ನಲ್ಲಿ ಬಸ್ಸೇ ಇಲ್ಲ. ಹಡಗು ನಿಂತ ಜಾಗದಿಂದ ನಡೆದು ಹೋಗಿ ದೋಣಿ ಹತ್ತಬಹುದು, ಅಡಾಲ್ಫಸ್‌ಗೆ ಸುಮಾರು ಅರ್ಧ ಗಂಟೆ. 2016ರಲ್ಲಿ ಅಲ್ಲಿ ಜೆಟ್ಟಿ ಆಗುವ ಮೊದಲು ದೊಡ್ಡ ಹಡಗು ದೂರ ನಿಂತು, ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ತರುತ್ತಿದ್ದರು. ಈಗ ಆ ತೊಂದರೆ ಇಲ್ಲ.

ಮೂರನೆಯದು, ನೀರು ಎಷ್ಟು ಶಾಂತ? ಸಿಟ್ಕಾ ಎಂಬ ಬಂದರು ನೇರವಾಗಿ ಪೆಸಿಫಿಕ್ ಸಾಗರದ ಕಡೆಗೆ ತೆರೆದುಕೊಂಡಿದೆ. ಅಲ್ಲಿ ನೀರುನಾಯಿಗಳೂ ಕಾಣುತ್ತವೆ, ಬಹಳ ಚೆಂದ. ಆದರೆ ಗಾಳಿ ಇದ್ದ ದಿನ ದೋಣಿ ಕುಲುಕುತ್ತದೆ. ಜೂನೋ ಸುತ್ತಲೂ ದ್ವೀಪಗಳ ಆಸರೆ ಇರುವುದರಿಂದ ನೀರು ಸಾಮಾನ್ಯವಾಗಿ ಶಾಂತ. ಐಸಿ ಸ್ಟ್ರೇಟ್ ಇವೆರಡರ ನಡುವಿನದು. ಇಲ್ಲಿ ಜೂನೋಗೆ ಒಂದು ಅಂಕ ಹೆಚ್ಚು ಎಂದು ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯದು ಸಮಯ. ಹಡಗು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೊರಡುತ್ತದೆ? ವಿಕ್ಟೋರಿಯಾ ಸುತ್ತಮುತ್ತ ಓರ್ಕಾಗಳಿಗೆ ಹೆಸರುವಾಸಿ, ಆದರೆ ಸಿಯಾಟಲ್ ಹಡಗುಗಳು ಅಲ್ಲಿ ಹೆಚ್ಚಾಗಿ ಮುಟ್ಟುವುದೇ ಸಂಜೆ. ಇನ್ನೊಂದು ಮಾತು. ಹಡಗಿನವರ ಮೂಲಕ ಬುಕ್ ಮಾಡಿದ ದೋಣಿ ತಡವಾದರೆ ಹಡಗು ಕಾಯುತ್ತದೆ. ಹೊರಗೆ ಬುಕ್ ಮಾಡಿದರೆ ಸ್ವಲ್ಪ ಅಗ್ಗ, ಆದರೆ ಹಡಗು ಕಾಯುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಆ ಉಳಿತಾಯ ಬೇಡ.

ಹೀಗೆ ಐಸಿ ಸ್ಟ್ರೇಟ್ ಪಾಯಿಂಟ್ ಎಂದು ತೀರ್ಮಾನವಾಯಿತು. ಆಮೇಲೆ ಓದಿದಾಗ ಇನ್ನೊಂದು ವಿಷಯ ಗೊತ್ತಾಗಿ ಸಂತೋಷವಾಯಿತು. ಪಕ್ಕದ ಹೂನಾ ಎಂಬ ಸಣ್ಣ ಊರು ಟ್ಲಿಂಗಿಟ್ ಮೂಲನಿವಾಸಿಗಳದ್ದು. ಗ್ಲೇಸಿಯರ್ ಬೇ ಅವರ ಹಿರಿಯರ ನೆಲ. 18ನೇ ಶತಮಾನದಲ್ಲಿ ಹಿಮನದಿ ಮುಂದೆ ಬಂದಾಗ ಆ ನೆಲ ಬಿಟ್ಟು ಹೊರಡಬೇಕಾಯಿತು. 1912ರಲ್ಲಿ ಕಟ್ಟಿದ ಹಳೆಯ ಮೀನು ಡಬ್ಬಿ ಕಾರ್ಖಾನೆಯನ್ನು ರಿಪೇರಿ ಮಾಡಿ, 2004ರಲ್ಲಿ ಹಡಗುಗಳಿಗೆ ತೆರೆದದ್ದು ಅವರದೇ ಹೂನಾ ಟೋಟೆಮ್ ಸಂಸ್ಥೆ. ಅವ್ವ ಇದನ್ನು ಕೇಳಿ, "ದುಡ್ಡು ಊರ ಮಂದಿಗೇ ಹೋಗ್ತದಲ್ಲ, ಛಲೋ ಆಯ್ತು" ಎಂದಳು.

ಆ ದಿನ ಬೆಳಿಗ್ಗೆಯಿಂದಲೂ ಜಿಟಿಜಿಟಿ ಮಳೆ. ಅವ್ವ ಸ್ವೆಟರ್, ಅದರ ಮೇಲೆ ಜಾಕೆಟ್, ತಲೆಗೆ ಮಫ್ಲರ್ ಕಟ್ಟಿಕೊಂಡು ದೋಣಿಯ ಗಾಜಿನ ಕೋಣೆಯಲ್ಲಿ ಕೂತಳು. ಅರ್ಧ ಗಂಟೆ ಕಳೆದ ಮೇಲೆ ದೂರದಲ್ಲಿ ಬಿಳಿ ಹೊಗೆಯಂತೆ ಏನೋ ಮೇಲೆದ್ದಿತು. ಕ್ಯಾಪ್ಟನ್ ವೇಗ ಇಳಿಸಿದ. ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ಹೋಗಬಾರದು ಎಂದು ಅಲ್ಲಿ ಕಾನೂನಿದೆ. ಒಬ್ಬರು ಇನ್ನೂ ಹತ್ತಿರ ಹೋಗಿ ಎಂದು ಒತ್ತಾಯ ಮಾಡಿದರು. ಕ್ಯಾಪ್ಟನ್ ಒಪ್ಪಲಿಲ್ಲ. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು, "ಅದು ಅದರ ಮನಿ. ನಾವು ಬಂದ ಕೂಡ್ಲೆ ಬಾಗಲಾ ತೆಗೀಬೇಕಂತ ಏನದ?" ಎಂದಳು.

ಅವ್ವನನ್ನು ಮೆಲ್ಲಗೆ ಹೊರಗೆ ಕರೆತಂದೆ. ನನ್ನ ಭುಜ ಹಿಡಿದುಕೊಂಡು ನಿಂತಳು. ಆಗ ಉಸಿರಿನ ಸದ್ದು ಕೇಳಿಸಿತು. ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವ ಮೊದಲು ಹಬೆ ಬಿಡುತ್ತದಲ್ಲ, ಅದನ್ನು ಹತ್ತು ಪಟ್ಟು ದೊಡ್ಡದು ಮಾಡಿದಂತೆ. ಮೂರು ನಾಲ್ಕು ಸಲ ಉಸಿರಾಡಿ, ಬೆನ್ನು ಬಾಗಿಸಿ, ಬಾಲ ಮೇಲೆತ್ತಿ ಒಳಗೆ ಹೋಯಿತು. ಬಾಲದ ಅಡಿಯ ಕಪ್ಪುಬಿಳುಪು ಗುರುತು ಒಂದೊಂದಕ್ಕೂ ಬೇರೆ, ನಮ್ಮ ಹೆಬ್ಬೆಟ್ಟಿನ ಹಾಗೆ. ಆ ಫೋಟೋಗಳಿಂದಲೇ ವಿಜ್ಞಾನಿಗಳು ಎಣಿಕೆ ಮಾಡುತ್ತಾರೆ. ಉತ್ತರ ಪೆಸಿಫಿಕ್‌ನಲ್ಲಿ 2012ರಲ್ಲಿ ಸುಮಾರು 33 ಸಾವಿರ ಇದ್ದವು, ಸಮುದ್ರ ಬಿಸಿಯಾದ ವರ್ಷಗಳ ನಂತರ 2021ಕ್ಕೆ ಸುಮಾರು 27 ಸಾವಿರಕ್ಕೆ ಇಳಿದವು. ನೋಡಲು ಹೋಗುವವರಿಗೆ ಈ ಲೆಕ್ಕವೂ ತಿಳಿದಿರಲಿ.

ಜಾಹೀರಾತಿನಲ್ಲಿ ತೋರಿಸುವ ಹಾಗೆ ತಿಮಿಂಗಿಲ ಹಾರಲಿಲ್ಲ. ಅದೇ ವಾರ ಜೂನೋದಲ್ಲಿ ದೋಣಿ ಹತ್ತಿದ ನಮ್ಮ ಹಡಗಿನವರೇ, ಏಳೆಂಟು ತಿಮಿಂಗಿಲ ಸೇರಿ ಗುಳ್ಳೆಗಳ ಬಲೆ ಕಟ್ಟಿ ಮೀನು ಹಿಡಿಯುವುದನ್ನು ನೋಡಿ ಬಂದರು. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ತಪ್ಪು ಬಂದರು ಆರಿಸಿದೆನೇನೋ ಎಂದು ಅವ್ವನ ಹತ್ತಿರ ಅಂದೂಬಿಟ್ಟೆ. ಅವಳು, "ಉಸಿರು ಬಿಡೋದು ಕೇಳಿದ್ನೆಲ್ಲ. ನಾ ಪಾಠ ಮಾಡಿದ್ದು ಅದನ್ನೇ" ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಕೊನೆಗೆ ವೀಸಾ ವಿಷಯ, ಬರೆದುಕೊಳ್ಳಿ. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ವಿದೇಶಿ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಬರಬೇಕಾದರೆ ನಡುವೆ ಬೇರೆ ದೇಶ ಮುಟ್ಟಲೇಬೇಕು. ಅದಕ್ಕೇ ವಿಕ್ಟೋರಿಯಾ. ಅಲ್ಲಿ ಒಂದು ಸಂಜೆ ಮಾತ್ರ ನಿಂತರೂ ಭಾರತದ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಬೇಕು. ಅಮೆರಿಕದ ವೀಸಾ ಮತ್ತೆ ಒಳಗೆ ಬರಲು ಅವಕಾಶ ಇರುವಂಥದ್ದಾಗಿರಬೇಕು. ನಾನಕ್‌ರಾಮ್‌ಗುಡದ ಕಾನ್ಸುಲೇಟ್ ಕೆಲಸ ಮುಗಿಯಿತು ಎಂದು ಕೂತರೆ ಆಗದು, ಕೆನಡಾದ್ದಕ್ಕೂ ತಿಂಗಳುಗಳ ಮೊದಲೇ ಅರ್ಜಿ ಹಾಕಿ.

ಇಷ್ಟೆಲ್ಲ ಹೇಳಿದರೂ "ಐಸಿ ಸ್ಟ್ರೇಟೇ ಶ್ರೇಷ್ಠ" ಎಂದು ನಾನು ಹೇಳುತ್ತಿಲ್ಲ. ನಿಮ್ಮ ಹಡಗು ಅಲ್ಲಿ ನಿಲ್ಲದಿದ್ದರೆ ಜೂನೋದಲ್ಲಿ ಧೈರ್ಯವಾಗಿ ಹೋಗಿ. ಚಿಕ್ಕ ಮಕ್ಕಳಿದ್ದರೆ ಶಾಂತ ನೀರು ನೋಡಿ. ಒಳಗೆ ಬೆಚ್ಚಗಿನ ಕೋಣೆ, ಶೌಚಾಲಯ ಇರುವ ದೋಣಿಯೇ, ಎಷ್ಟು ಮೆಟ್ಟಿಲು ಎಂದು ಬುಕ್ ಮಾಡುವ ಮೊದಲೇ ಕೇಳಿ. ಎಲ್ಲಕ್ಕಿಂತ ಮೊದಲು, ಯಾರಿಗಾಗಿ ಹೋಗುತ್ತಿದ್ದೀರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ನೋಡಬೇಕು, ಏನು ಕಷ್ಟ ಎಂದು ಕೇಳಿ. ನಾನು ಅದನ್ನು ಕೊನೆಯಲ್ಲಿ ಕೇಳಿದೆ, ನೀವು ಮೊದಲೇ ಕೇಳಿ.

ಉಳಿದ ಪ್ರಶ್ನೆಗಳನ್ನು ಚಹಾ ಕುಡಿಯುತ್ತಾ ಮಾತಾಡೋಣ. ಅವ್ವ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ತಿಮಿಂಗಿಲದ ಬಗ್ಗೆ ಕೇಳುವುದಿದ್ದರೆ ಅವಳನ್ನೇ ಕೇಳಿ, "ಟೀಚರ್, ನೀವು ನೋಡೀರೇನ್ರಿ?" ಅಂತ.