ರುಚಿ ನೋಡದ ಕೈ
(ಶಾಖಾ ಮಠದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲೇಖನರೂಪ)

 

ಉತ್ಸವದ ದಿನ ಹಯಗ್ರೀವ, ಹೋಳಿಗೆ, ಪಾಯಸಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ವರ್ಷದ ಉಳಿದ ಮುನ್ನೂರಕ್ಕೂ ಹೆಚ್ಚು ದಿನ ಮನೆಯನ್ನು ನಡೆಸುವ ಅನ್ನ, ಸಾರು, ತಂಬುಳಿ, ಮಜ್ಜಿಗೆಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ಜ್ವರ ಬಿಟ್ಟು ಎದ್ದವನು ಕೇಳುವುದು ಹೋಳಿಗೆಯನ್ನಲ್ಲ, ಒಂದು ಲೋಟ ಬಿಸಿ ಸಾರನ್ನು. ದೂರದ ಊರಿಂದ ಬಂದ ಮಗ ಮೊದಲು ಕೇಳುವುದೂ ಅದನ್ನೇ. ಆದ್ದರಿಂದ ಇಂದಿನ ವಿಷಯ ನಿತ್ಯದ ಅಡುಗೆ. ಅದರಲ್ಲಿಯೂ ವಿಕ್ರೋಳಿಯ ಕನ್ನಡ ಮನೆಗಳ ನಿತ್ಯದ ಅಡುಗೆ.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಸಾಗಿದ ಮಾರ್ಗದ ಮೇಲೆಯೇ ವಿಕ್ರೋಳಿ ಇದೆ. ಘಾಟ್ಕೋಪರ್ ಮತ್ತು ಕಾಂಜೂರ್‌ಮಾರ್ಗಗಳ ನಡುವಿನ ಈ ಸ್ಥಳವನ್ನು ಇಂದಿನ ರೂಪಕ್ಕೆ ತಂದದ್ದು ಕಾರ್ಖಾನೆಗಳು. ಗೋದ್ರೆಜ್ ಸಂಸ್ಥೆ ಇಲ್ಲಿ ನೆಲೆಯೂರಿತು. ಇತ್ತ ಭಾಂಡುಪ್, ಮುಲುಂಡ್‌ವರೆಗೂ ಯಂತ್ರೋದ್ಯಮಗಳು ಹಬ್ಬಿದವು. ಟಾಗೋರ್ ನಗರ, ಕನ್ನಮ್‌ವಾರ್ ನಗರಗಳ ವಸಾಹತುಗಳಲ್ಲಿ ನೌಕರಿಗೆ ಬಂದ ಕುಟುಂಬಗಳು ನೆಲೆಸಿದವು. ಉಡುಪಿ, ಕುಂದಾಪುರದ ಕಡೆಯವರೂ ಬಂದರು; ಧಾರವಾಡ, ವಿಜಯಪುರ, ರಾಯಚೂರಿನ ಕಡೆಯವರೂ ಬಂದರು.

ಆ ಮನೆಗಳ ಅಡುಗೆಯ ಜಾಗವೆಂದರೆ ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರಿಗೆ ಸ್ಥಳವಿಲ್ಲ. ಸೀಮೆಎಣ್ಣೆಯ ಸ್ಟೌ ಒಂದು, ಒಳಕಲ್ಲು ಒಂದು, ನಲ್ಲಿಯಲ್ಲಿ ನೀರು ಬರುವ ಹೊತ್ತಿನಲ್ಲಿ ತುಂಬಿಡಬೇಕಾದ ಹಂಡೆ ಒಂದು, ಮೂಲೆಯಲ್ಲಿ ದೇವರ ಪೆಟ್ಟಿಗೆ. ಮೊದಲನೆಯ ಪಾಳಿಗೆ ಹೋಗುವವನ ಡಬ್ಬಿ ಬೆಳಕು ಹರಿಯುವ ಮೊದಲೇ ಸಿದ್ಧವಾಗಬೇಕು. ದ್ವಾದಶಿಯ ದಿನವಾದರೆ ಅಷ್ಟರೊಳಗೆ ಪೂಜೆ, ನೈವೇದ್ಯಗಳೂ ಮುಗಿಯಬೇಕು. ಹಿಂದಿನ ದಿನವಿಡೀ ನಿರಾಹಾರವಿದ್ದ ಗೃಹಿಣಿ ಬೆಳಗಿನ ಜಾವ ಮೂರೂವರೆಗೆ ಎದ್ದು ಇದನ್ನೆಲ್ಲ ನಿಭಾಯಿಸುತ್ತಿದ್ದಳು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಆದರೆ ಆ ಪಾಳಿ ಅವಳದೂ ಆಗಿತ್ತು.

ಒಂದೇ ಅಂತಸ್ತಿನಲ್ಲಿ ಎದುರುಬದುರು ಮನೆಗಳಲ್ಲಿ ಎರಡು ಬಗೆಯ ಅಡುಗೆ ನಡೆಯುತ್ತಿತ್ತು. ಕರಾವಳಿಯ ಮನೆಯಲ್ಲಿ ತೆಂಗಿನಕಾಯಿ ಅರೆದ ಹುಳಿ, ಒಂದೆಲಗದ ತಂಬುಳಿ, ಮೆಣಸ್ಕಾಯಿ, ಮಳೆಗಾಲದಲ್ಲಿ ಪತ್ರೊಡೆ. ಬಯಲುಸೀಮೆಯ ಮನೆಯಲ್ಲಿ ತೊವ್ವೆ, ಜೋಳದ ರೊಟ್ಟಿ, ಮೆಂತ್ಯಹಿಟ್ಟು, ಹೋಳಿಗೆಯ ಮರುದಿನದ ಕಟ್ಟಿನ ಸಾರು, ಸಂಜೆಗೆ ಹಚ್ಚಿದ ಅವಲಕ್ಕಿ. ಒಬ್ಬರ ಸಾರು ಇನ್ನೊಬ್ಬರಿಗೆ ಮೊದಮೊದಲು ಸಿಹಿಯೆನಿಸಿತು, ಇನ್ನೊಬ್ಬರದು ಇವರಿಗೆ ಖಾರವೆನಿಸಿತು. ಬಟ್ಟಲುಗಳು ಬಾಗಿಲಿಂದ ಬಾಗಿಲಿಗೆ ಓಡಾಡಿದ ಮೇಲೆ ಕರಾವಳಿಯ ಮಕ್ಕಳು ಮೆಂತ್ಯಹಿಟ್ಟಿಗೆ ಹಟ ಹಿಡಿದರು. ಧಾರವಾಡದ ಮಕ್ಕಳು ತಂಬುಳಿಯನ್ನು ಲೋಟದಲ್ಲಿ ಕುಡಿದರು.

ಕಷ್ಟದ ಕಾಲವೂ ಇತ್ತು. 1972ರ ಬರಗಾಲದಲ್ಲಿ ಧಾನ್ಯಕ್ಕೆ ತತ್ವಾರವಾಯಿತು, ಬೇಳೆ, ಎಣ್ಣೆಗಳ ಬೆಲೆ ಏರಿತು. ಮೃಣಾಲ್ ಗೋರೆ, ಅಹಿಲ್ಯಾ ರಂಗ್ಣೇಕರ್ ಮೊದಲಾದವರ ಮುಂದಾಳತ್ವದಲ್ಲಿ ಮುಂಬಯಿಯ ಗೃಹಿಣಿಯರು ಲಟ್ಟಣಿಗೆ ಹಿಡಿದು, ತಟ್ಟೆ ಬಾರಿಸುತ್ತ ಬೀದಿಗಿಳಿದದ್ದು ಆಗಲೇ. ಅನ್ನವಿಲ್ಲದೆ ಊಟವೇ ಇಲ್ಲವೆಂದಿದ್ದ ಕರಾವಳಿಯ ಮನೆಗಳಲ್ಲಿ ರಾತ್ರಿಗೆ ಚಪಾತಿ ಬಂದದ್ದು ರೇಷನ್ನಿನ ಗೋಧಿಯಿಂದ. ಬೇಳೆ ಕಡಿಮೆಯಾದಾಗ ಸಾರು ತಿಳಿಯಾಯಿತು, ಆದರೆ ನಿಲ್ಲಲಿಲ್ಲ.

ಹೀಗೆ ಇದ್ದುದರಲ್ಲಿ ಅಡುಗೆ ಮಾಡುವ ಚಾತುರ್ಯವನ್ನು ಈ ಮನೆಗಳಿಗೆ ಮೊದಲೇ ಕಲಿಸಿದ್ದು ಚಾತುರ್ಮಾಸ್ಯ. ಶಾಕ, ದಧಿ, ಕ್ಷೀರ, ದ್ವಿದಳ ಎಂದು ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲ ತಿಂಗಳು ತರಕಾರಿಗಳಿಲ್ಲ, ಹುಣಸೆ, ಮೆಣಸಿನಕಾಯಿಗಳೂ ಇಲ್ಲ; ಹೆಸರುಬೇಳೆ, ಖಾರಕ್ಕೆ ಕರಿಮೆಣಸು, ಹುಳಿಗೆ ಮಾವು. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯೇ ಇಲ್ಲ. ಮುಖ್ಯ ಸಾಮಗ್ರಿಯನ್ನು ಒಂದೊಂದಾಗಿ ತೆಗೆದಿಟ್ಟರೂ ಊಟ ಊಟವಾಗಿಯೇ ಇರಬೇಕು. ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಕುಳಿತವರಿಗೆ ಮುಂಬಯಿಯ ಮಾರುಕಟ್ಟೆ ಕಷ್ಟವೆನಿಸಲಿಲ್ಲ. ಮರಾಠಿಯ ‘ಅಳೂ’ ಎಂದರೆ ಪತ್ರೊಡೆಯ ಕೆಸುವಿನ ಎಲೆಯೆಂದೂ, ‘ಅಂಬಾಡಿ’ ಎಂದರೆ ಪುಂಡಿಸೊಪ್ಪೆಂದೂ, ‘ಆಮ್ಸೂಲ್’ ಎಂದರೆ ಪುನರ್ಪುಳಿಯೆಂದೂ ತಾಯಂದಿರು ಬೇಗನೆ ಕಂಡುಕೊಂಡರು. ಪೇಟೆಯಲ್ಲಿ ಸಿಗದ ಒಂದೆಲಗವನ್ನು ಹಳೆಯ ಎಣ್ಣೆಡಬ್ಬಿಯಲ್ಲಿ ಮಣ್ಣು ತುಂಬಿ ಕಿಟಕಿಯಲ್ಲಿ ಬೆಳೆಸಿದರು.

ಸಿಗದೇ ಉಳಿದದ್ದು ಮಟ್ಟುಗುಳ್ಳ. ಶ್ರೀ ವಾದಿರಾಜ ಗುರುಗಳು ಬೀಜವನ್ನು ಅನುಗ್ರಹಿಸಿದರೆಂದು ನಂಬಿಕೆಯುಳ್ಳ ಈ ಗುಂಡು ಬದನೆ, ಕಟಪಾಡಿಯ ಬಳಿಯ ಮಟ್ಟು ಗ್ರಾಮದ್ದು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆಯಿತು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಇದಕ್ಕೂ ದಾರಿಯಾಯಿತು. ಸಂಜೆ ಉಡುಪಿಯಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದ ನೆಂಟರು ಮರುದಿನ ಬೆಳಿಗ್ಗೆ ಕುರ್ಲಾ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ; ಅವರ ಚೀಲದ ಗುಳ್ಳ ಮಧ್ಯಾಹ್ನದೊಳಗೆ ವಿಕ್ರೋಳಿಯ ಹುಳಿಯಲ್ಲಿ ಬೇಯುತ್ತದೆ.

ಹೀಗೆ ಇಂದು ಸಾಮಗ್ರಿಗೆ ಕೊರತೆಯಿಲ್ಲ. ಸಾರಿನ ಪುಡಿ ಅಂಗಡಿಯಲ್ಲಿದೆ, ಸಾರೇ ಬೇಕೆಂದರೆ ಫೋನಿನಲ್ಲಿ ಹೇಳಿದರೆ ಮನೆಗೆ ಬರುತ್ತದೆ. ಕೊರತೆಯಾಗುತ್ತಿರುವುದು ಬೇರೆಯದು. ಟಾಗೋರ್ ನಗರದ ಒಂದು ಮನೆಯ ಸಂಗತಿಯಿಂದ ಅದು ಸ್ಪಷ್ಟವಾಗುತ್ತದೆ.

ಆ ಮನೆಯಲ್ಲಿ ತಂದೆ ಕಾರ್ಖಾನೆಯಿಂದ ನಿವೃತ್ತರು, ಮಗ ಕಂಪ್ಯೂಟರ್ ಉದ್ಯೋಗಿ. ಒಂದು ಮಳೆಗಾಲದಲ್ಲಿ ತಾಯಿ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ಊಟ ಹೊರಗಿನಿಂದ ಬರತೊಡಗಿತು. ಆದರೆ ಹೊರಗಿನದು ದೇವರಿಗೆ ನೈವೇದ್ಯಕ್ಕೆ ಸಲ್ಲದು. ಮೂವತ್ತು ವರ್ಷಗಳಲ್ಲಿ ಏಕಾದಶಿಯ ಹೊರತು ಒಂದು ದಿನವೂ ಅನ್ನ ನೈವೇದ್ಯ ತಪ್ಪದ ಆ ಪೆಟ್ಟಿಗೆಯ ಮುಂದೆ ಮೂರು ದಿನ ಹಾಲು, ಹಣ್ಣು ಮಾತ್ರ ಇಡಲಾಯಿತು. ನಲವತ್ತು ವರ್ಷ ಸಾರುಂಡ ತಂದೆಗೆ ಅದನ್ನು ಮಾಡಲು ಬಾರದು. ನಾಲ್ಕನೆಯ ದಿನ ಮಗ ಸ್ನಾನ ಮಾಡಿ ಮಡಿಯುಟ್ಟು ಒಲೆಯ ಮುಂದೆ ನಿಂತನು. ತಾಯಿ ಬಾಗಿಲ ಬಳಿ ಮಣೆ ಹಾಕಿ ಕುಳಿತರು.

“ಅಮ್ಮ, ಉಪ್ಪು ಎಷ್ಟು?”

“ಮೂರು ಬೆರಳಲ್ಲಿ ಎತ್ತಿ ಎರಡು ಸಲ ಹಾಕು.”

“ಯಾರ ಬೆರಳು? ನಿಮ್ಮದೋ ನನ್ನದೋ?”

ತಾಯಿಗೆ ನಗು ಬಂತು. ಎಡಗೈ ಚಾಚಿ, “ಇಲ್ಲಿ ಸುರಿ” ಎಂದರು. ಅವನು ಸುರಿಯುತ್ತ ಹೋದನು. “ಸಾಕು” ಎಂದಾಗ ನಿಲ್ಲಿಸಿ, ಅದನ್ನು ತಕ್ಕಡಿಯಲ್ಲಿಟ್ಟು ತೂಗಿದನು. 12 ಗ್ರಾಂ. ನಾಲ್ಕು ಜನರ ಸಾರಿಗೆ ತೊಗರಿಬೇಳೆ 100 ಗ್ರಾಂ, ಹುಣಸೆ ನಿಂಬೆಗಾತ್ರ, ಬೆಲ್ಲ ಅಡಿಕೆಗಾತ್ರ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಬ್ಯಾಡಗಿ ಮೆಣಸು ಎಲ್ಲವನ್ನೂ ಬರೆದುಕೊಂಡನು. ಬರೆದಂತೆ ಮಾಡಿದ ಮೊದಲ ದಿನ ಸಾರು ಬರಿಯ ಹುಳಿಯಾಯಿತು. ಎರಡನೆಯ ದಿನ ಬೇಳೆ ತಳಕ್ಕಿಳಿದು ಮೇಲೆ ನೀರು ನಿಂತಿತು. ಮಾಡುವಾಗ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ; ದೇವರಿಗಿಡುವ ಅಡುಗೆಯನ್ನು ಮೊದಲೇ ರುಚಿ ನೋಡಿದರೆ ಅದು ನೈವೇದ್ಯವಾಗುವುದಿಲ್ಲ. ಎಲೆಗೆ ಬಡಿಸಿದ ಮೇಲೆಯೇ ತಪ್ಪು ತಿಳಿಯುತ್ತಿತ್ತು.

ಮೂರನೆಯ ದಿನ ತಾಯಿ ಅವನ ಪುಸ್ತಕ ಮುಚ್ಚಿಸಿದರು. ಹುಣಸೆ ನೀರು ಕುದಿಯುತ್ತಿರುವಾಗ “ಮೂಸು” ಎಂದರು. ಹಸಿ ವಾಸನೆಯಿತ್ತು. ಇನ್ನೂ ಕುದಿಯಲಿ ಎಂದರು. ಸ್ವಲ್ಪ ಹೊತ್ತಿನ ಮೇಲೆ ವಾಸನೆ ತಿರುಗಿತು, ಅವನಿಗೂ ಗೊತ್ತಾಯಿತು. ಆಗ ಬೆಂದ ಬೇಳೆ, ಪುಡಿ, ಬೆಲ್ಲ. ಬೇಳೆ ಬಿದ್ದ ಮೇಲೆ ಹೆಚ್ಚು ಕುದಿಸಬಾರದು. ಅಂಚಿನಲ್ಲಿ ನೊರೆಯೆದ್ದು ನಡುವಿಗೆ ಬರುವಷ್ಟರಲ್ಲಿ ಇಳಿಸಬೇಕು. ಒಗ್ಗರಣೆಯಲ್ಲಿ ಸಾಸಿವೆಯ ಸಿಡಿತ ನಿಲ್ಲುವ ಸದ್ದಿಗೆ ಕಿವಿಗೊಡಬೇಕು. ಆಮೇಲೆ ಇಂಗು, ಕರಿಬೇವು. ಹೊಸ ಹುಣಸೆಯ ಹುಳಿ ಬೇರೆ, ಹಳೆಯದರ ಹುಳಿ ಬೇರೆ. ಮಳೆಗಾಲದಲ್ಲಿ ಕಲ್ಲುಪ್ಪು ನೀರು ಹೀರಿ ಭಾರವಾಗಿರುತ್ತದೆ. ತಕ್ಕಡಿಗೆ ಅದು ತಿಳಿಯದು, ಬೆರಳಿಗೆ ತಿಳಿಯುತ್ತದೆ.

ಅಂದು ನೈವೇದ್ಯವಾಗಿ ಊಟಕ್ಕೆ ಕುಳಿತಾಗ ತಂದೆ ಏನೂ ಹೇಳಲಿಲ್ಲ. ಎರಡನೆಯ ಸಲ ಅನ್ನಕ್ಕೆ ಗುಂಡಿ ಮಾಡಿ ಸಾರಿಗೆ ಕಾದರು. ತಾಯಿ ಎಡಗೈಯಲ್ಲಿ ಚಮಚ ಹಿಡಿದು ಉಂಡು, “ಇಂಗು ತುಸು ಹೆಚ್ಚಾಯಿತು” ಎಂದರು. ಆರು ವಾರ ಮುಗಿದು ಪ್ಲಾಸ್ಟರ್ ಬಿಚ್ಚಿದ ಮೇಲೂ ಭಾನುವಾರದ ಅಡುಗೆ ಮಗನಿಗೇ ಉಳಿಯಿತು.

ಮಾನ್ಯರೇ, ನೈವೇದ್ಯದ ಅಡುಗೆ ಮಾಡುವ ತಾಯಿ ನಾಲಿಗೆಯ ನೆರವಿಲ್ಲದೆ ಮೂಗು, ಕಣ್ಣು, ಕಿವಿ, ಬೆರಳುಗಳಿಂದ ಉಪ್ಪು, ಹುಳಿ, ಖಾರಗಳನ್ನು ಸರಿದೂಗಿಸುತ್ತಾಳೆ. ಯಂತ್ರಶಾಲೆಯಲ್ಲಿ ನುರಿತ ಕುಶಲಕರ್ಮಿ ಮೋಟಾರಿನ ಸದ್ದಿನಿಂದಲೇ ಬೇರಿಂಗಿನ ದೋಷ ಹೇಳುವಂತೆ ಇದು. ಅಂಥವನ ಕೈಕೆಳಗೆ ಹುಡುಗರನ್ನು ನಿಲ್ಲಿಸಿ ಕೆಲಸ ಕಲಿಸುವ ಪದ್ಧತಿ ಕಾರ್ಖಾನೆಗಳಲ್ಲಿದೆ. ಮನೆಯಲ್ಲಿ ಮಾತ್ರ ಯಾರನ್ನೂ ನಿಲ್ಲಿಸಿಲ್ಲ. ಗಂಡುಮಕ್ಕಳಿಗೆ ಅದು ಬೇಡವೆಂದು ಬಿಟ್ಟೆವು. ಹೆಣ್ಣುಮಕ್ಕಳಿಗೆ ಓದಿಗೆ ಹೊತ್ತಾಗುತ್ತದೆಂದು ಬಿಟ್ಟೆವು. ಈಗ ಎಪ್ಪತ್ತು, ಎಂಬತ್ತು ದಾಟಿದ ಕೈಗಳಲ್ಲಿ ಮಾತ್ರ ಈ ವಿದ್ಯೆ ಉಳಿದಿದೆ.

ಆದ್ದರಿಂದ ಒಂದು ವಿನಂತಿ. ವಾರಕ್ಕೊಂದು ದಿನ ಮನೆಯ ಒಬ್ಬ ಮಗ ಅಥವಾ ಮಗಳು, ಮೊಮ್ಮಗ ಅಥವಾ ಮೊಮ್ಮಗಳು, ಅಡುಗೆ ಮಾಡುವ ಹಿರಿಯರ ಪಕ್ಕದಲ್ಲಿ ನಿಲ್ಲಲಿ. ಪುಸ್ತಕದಲ್ಲಿ ಅಳತೆಯನ್ನು ಬರೆಯಲಿ. ಅದರ ಪಕ್ಕದಲ್ಲಿ ಯಾವಾಗ ವಾಸನೆ ತಿರುಗಿತು, ನೊರೆ ಎಲ್ಲಿಗೆ ಬಂದಾಗ ಇಳಿಸಿದರು ಎಂಬುದನ್ನೂ ಬರೆಯಲಿ. ಮೊದಲು ಸಾರು ಕಲಿಯಲಿ, ನಂತರ ತಂಬುಳಿ, ನಂತರ ಹುಳಿ. ಹಯಗ್ರೀವಕ್ಕೆ ಆಮೇಲೆ ಸಮಯವಿದೆ. ಹಿರಿಯರೂ “ನಿನಗೆ ಬಾರದು, ಬಿಡು” ಎನ್ನದೆ ನಾಲ್ಕು ದಿನ ಹುಳಿಯಾದ ಸಾರನ್ನು ಸಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.