ರಾತ್ರಿ ಹನ್ನೊಂದೂವರೆ, ಬ್ಯಾಂಕಾಕ್‌ನ ಒಂದು ಎಟಿಎಂ ಮುಂದೆ

ಇವತ್ತು ನಾನು ಮಾಡಿದ ಒಂದು ಪೆದ್ದು ಕೆಲಸದ ಕಥೆ ಹೇಳ್ತೀನಿ. ಮೊದಲ ಸಲ ವಿದೇಶಕ್ಕೆ ಹೊರಟವರು, ಅದರಲ್ಲೂ ಥಾಯ್ಲೆಂಡ್‌ಗೆ ಟಿಕೆಟ್ ಬುಕ್ ಮಾಡಿದವರು, ಪೂರ್ತಿ ಕೇಳಿ.

ಬ್ಯಾಂಕಾಕ್‌ನಲ್ಲಿ ಖಾವೋಸಾನ್ ರೋಡ್ ಅಂತ ಇದೆ. ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಸುತ್ತುವವರೆಲ್ಲ ಬಂದು ಸೇರುವ ಜಾಗ. ನಾನೂ ನನ್ನ ಗೆಳೆಯನೂ ಅಲ್ಲೇ ಪಕ್ಕದ ಗಲ್ಲಿಯಲ್ಲಿ ರೂಮ್ ಮಾಡಿದ್ದೆವು. ರಾತ್ರಿ ಹನ್ನೊಂದೂವರೆ. ಹೊಟ್ಟೆ ಚುರುಗುಟ್ಟುತ್ತಿದೆ, ಜೇಬಲ್ಲಿ ಒಂದು ಬಾತ್ ಕೂಡ ಇಲ್ಲ. ತಳ್ಳುಗಾಡಿಯ ಕ್ಯೂಆರ್ ಕೋಡ್‌ಗೆ ನನ್ನ ಯುಪಿಐ ಕೆಲಸ ಮಾಡಲಿಲ್ಲ. ಗೆಳೆಯನನ್ನು ರೂಮಿನಲ್ಲೇ ಬಿಟ್ಟು, ಫುಟ್‌ಪಾತ್ ಮೇಲೆ ಕಂಡ ಮೊದಲ ಎಟಿಎಂಗೆ ಕಾರ್ಡ್ ಹಾಕಿದೆ.

ಹಿಂದೆ ಇಬ್ಬರು ಕಾಯ್ತಿದ್ದರು. ಅದರಲ್ಲೊಬ್ಬ ಹತ್ತಿರ ಬಂದು, ಇದನ್ನು ಒತ್ತು ಅಂತ ಪರದೆ ಕಡೆ ಬೆರಳು ತೋರಿಸಿದ. ಗಾಬರಿಯಲ್ಲಿ ಒತ್ತಿಬಿಟ್ಟೆ. ಹಣ ಬಂತು, ಬಾಚಿಕೊಂಡು ಹೊರಟೆ. ರೂಮಿಗೆ ಬಂದು ನೋಡಿದರೆ ಕಾರ್ಡೇ ಇಲ್ಲ! ಕೆಲವು ಯಂತ್ರಗಳು ಮೊದಲು ಹಣ ಕೊಟ್ಟು ಆಮೇಲೆ ಕಾರ್ಡ್ ಕೊಡುತ್ತವೆ. ನಾನು ಅಷ್ಟು ಹೊತ್ತು ನಿಂತಿರಲೇ ಇಲ್ಲ. ಓಡಿಹೋಗಿ ನೋಡಿದೆ, ಕಾರ್ಡ್ ಇರಲಿಲ್ಲ.

ಬ್ಯಾಂಕಿಗೆ ಫೋನ್ ಮಾಡೋಣ ಅಂದರೆ ನನಗೆ ರೋಮಿಂಗ್ ಇಲ್ಲ. ಗೆಳೆಯನ ಥಾಯ್ ಸಿಮ್‌ನಿಂದ 1800 ನಂಬರ್ ಹೋಗಲೇ ಇಲ್ಲ. ಕೊನೆಗೆ ವೈಫೈನಲ್ಲಿ ಬ್ಯಾಂಕ್ ಆ್ಯಪ್ ತೆರೆದು ಕಾರ್ಡ್ ಬ್ಲಾಕ್ ಮಾಡಿದೆ. ದುಡ್ಡು ಉಳಿಯಿತು. ಆದರೆ ಮುಂದಿನ ಐದು ದಿನ ಊಟ, ತಿಂಡಿ, ಟುಕ್ ಟುಕ್, ಎಲ್ಲಕ್ಕೂ ಗೆಳೆಯನ ಮುಖ ನೋಡಬೇಕಾಯ್ತು.

ಆ ಮನುಷ್ಯ ಕಳ್ಳನೋ, ನಿಜವಾಗಿ ಸಹಾಯಕ್ಕೆ ಬಂದವನೋ, ಇವತ್ತಿಗೂ ಗೊತ್ತಿಲ್ಲ. ಕೆಲಸ ಕೆಡಿಸಿದ್ದು ಮಾತ್ರ ನನ್ನ ಆತುರ. ಅದಕ್ಕೇ ಹೇಳೋದು, ರಾತ್ರಿ ಎಟಿಎಂ ಮುಂದೆ ಸೇಫ್ ಆಗಿರಬೇಕು ಅಂದರೆ ತಯಾರಿ ಹಗಲಲ್ಲೇ ಆಗಬೇಕು.

ಮೊದಲನೆಯದು, ಊರು ಬಿಡುವ ಮುಂಚೆ. ಆರ್‌ಬಿಐ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಆಫ್ ಆಗಿರುತ್ತದೆ. ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಆಗಲೇ ದಿನದ ಮಿತಿಯನ್ನೂ ಕಡಿಮೆ ಇಡಿ. ಬ್ಯಾಂಕಿನ +91 ಇಂದ ಶುರುವಾಗುವ ನಂಬರ್ ಬರೆದಿಟ್ಟುಕೊಳ್ಳಿ. ಎರಡು ಕಾರ್ಡ್ ಇದ್ದರೆ ಒಂದು ಜೇಬಲ್ಲಿ, ಇನ್ನೊಂದು ರೂಮಿನ ಲಾಕರ್‌ನಲ್ಲಿ.

ಎರಡನೆಯದು, ಸಾಧ್ಯವಾದರೆ ಹಗಲಲ್ಲೇ ಹಣ ತೆಗೀರಿ, ಬ್ಯಾಂಕ್ ಶಾಖೆಯ ಎಟಿಎಂನಲ್ಲಿ. ಕಾರ್ಡ್ ಸಿಕ್ಕಿಕೊಂಡರೆ ಒಳಗೆ ಹೋಗಿ ಕೇಳಬಹುದು. ಥಾಯ್ಲೆಂಡ್‌ನಲ್ಲಿ ನಮ್ಮ ಕಾರ್ಡ್ ಹಾಕಿದರೆ ಸಾಮಾನ್ಯವಾಗಿ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಶುಲ್ಕ ಹಿಡಿಯುತ್ತಾರೆ. ಅದಕ್ಕೇ ಮೂರು ನಾಲ್ಕು ದಿನಕ್ಕಾಗುವಷ್ಟು ಒಟ್ಟಿಗೆ ತೆಗೆದು, ರಾತ್ರಿ ಬೇಕಾದಷ್ಟೇ ಜೇಬಲ್ಲಿಟ್ಟು, ಉಳಿದದ್ದು ಲಾಕರ್‌ಗೆ ಹಾಕಿ.

ಮೂರನೆಯದು, ರಾತ್ರಿ ತೆಗೆಯಲೇಬೇಕು ಅಂತಾದರೆ ಗಲ್ಲಿ ಬೇಡ. ಹೋಟೆಲ್ ಲಾಬಿ, ಇಡೀ ರಾತ್ರಿ ತೆರೆದಿರುವ ಸೆವೆನ್ ಇಲೆವೆನ್, ಇಂಥ ಬೆಳಕು ಮತ್ತು ಜನ ಇರುವ ಜಾಗ ನೋಡಿ. ಒಬ್ಬರೇ ಹೋಗಬೇಡಿ. ಒಬ್ಬರು ಯಂತ್ರ ನೋಡಿದರೆ ಇನ್ನೊಬ್ಬರು ಹಿಂದೆ ನೋಡಲಿ. ಕಾರ್ಡ್ ಹಾಕುವ ಕಿಂಡಿಯನ್ನು ಒಮ್ಮೆ ಅಲ್ಲಾಡಿಸಿ, ಸಡಿಲ ಇದ್ದರೆ ಬಿಟ್ಟುಬಿಡಿ. ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಇರಲಿ. ಯಾರಾದರೂ ಸಹಾಯ ಮಾಡ್ತೀನಿ ಅಂತ ಬಂದರೆ ಕ್ಯಾನ್ಸಲ್ ಒತ್ತಿ, ಕಾರ್ಡ್ ತಗೊಂಡು ನಡೀರಿ. ನಾಚಿಕೆ ಬೇಡ.

ಆವತ್ತು ಅವನು ಒತ್ತಿಸಿದ್ದು ಏನು ಗೊತ್ತಾ? ವಿತ್ ಕನ್ವರ್ಷನ್. ಅಂದರೆ ರೂಪಾಯಿ ಲೆಕ್ಕವನ್ನು ಅಲ್ಲೇ, ಅವರ ದರದಲ್ಲೇ ಹಾಕುತ್ತಾರೆ. ಆ ದರ ಸಾಮಾನ್ಯವಾಗಿ ನಮಗೆ ನಷ್ಟದ್ದೇ. ನೀವು ವಿತೌಟ್ ಕನ್ವರ್ಷನ್ ಒತ್ತಿ.

ಕೊನೆಗೆ, ಹಣ ಬಂತು ಅಂತ ಓಡಬೇಡಿ. ಕಾರ್ಡ್ ಕೈಗೆ ಬಂದಿದೆಯಾ ನೋಡಿ. ಎಣಿಸೋದು ಬೀದಿಯಲ್ಲಲ್ಲ, ಒಳಗೆ ಹೋಗಿ. ಏನಾದರೂ ಎಡವಟ್ಟಾದರೆ ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಆಮೇಲೆ 1155ಕ್ಕೆ ಕರೆ ಮಾಡಿ. ಅದು ಥಾಯ್ಲೆಂಡ್‌ನ ಟೂರಿಸ್ಟ್ ಪೊಲೀಸ್ ನಂಬರ್. ಯಾರಾದರೂ ಹೆದರಿಸಿ ಕೇಳಿದರೆ ಮಾತ್ರ ಜಗಳಕ್ಕೆ ನಿಲ್ಲಬೇಡಿ, ಕೊಟ್ಟುಬಿಡಿ. ದುಡ್ಡು ಮತ್ತೆ ದುಡೀಬಹುದು.

ಟ್ರಿಪ್‌ಗೆ ಹೊರಟಿರುವ ನಿಮ್ಮ ಗ್ಯಾಂಗ್‌ಗೆ ಇದನ್ನು ಇವತ್ತೇ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.